ಬ್ರೌಸರ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿದರೆ ಗುಟ್ಟು ಗುಟ್ಟಾಗಿ ಉಳಿಯುತ್ತಾ?

ಪ್ರಶ್ನೆ: ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಾಲೀಕರು ಬಳ್ಳಾರಿಯಲ್ಲಿ ಇರುತ್ತಾರೆ. ಪಾರ್ಟಿಗಳ ಖಾತೆ ನಂಬರ್, ಲಾಗಿನ್ ವಿವರ, ದರದ ಮಾತು ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕು. ಮಿಲ್ಲಿನ ಕಂಪ್ಯೂಟರನ್ನು ಮೂರ್ನಾಲ್ಕು ಜನ ಬಳಸುತ್ತಾರೆ, ವಾಟ್ಸ್ಆ್ಯಪ್ ವೆಬ್ ಸದಾ ತೆರೆದೇ ಇರುತ್ತೆ. ಹಾಗಾಗಿ ಪಾಸ್‌ವರ್ಡ್ ಹಾಕಿ ಬರಹವನ್ನು ಎನ್‌ಕ್ರಿಪ್ಟ್ ಮಾಡಿಕೊಡುವ (ಬೇರೆಯವರು ಓದಲಾಗದ ಹಾಗೆ ಮುಚ್ಚಿಕೊಡುವ) ಒಂದು ವೆಬ್ ಪುಟ ಹುಡುಕಿಕೊಂಡಿದ್ದೇನೆ. ‘ಎಲ್ಲವೂ ನಿಮ್ಮ ಬ್ರೌಸರ್‌ನಲ್ಲೇ ನಡೆಯುತ್ತದೆ, ನಮ್ಮ ಸರ್ವರ್‌ಗೆ ಏನೂ ಬರುವುದಿಲ್ಲ’ ಎಂದು ಅದರಲ್ಲಿ ಬರೆದಿದ್ದಾರೆ. ನಂಬಬಹುದಾ? ಕೆಲವೊಮ್ಮೆ ಮಾಲೀಕರ ಫೋನಿನಲ್ಲಿ ಅದು ತೆರೆಯುವುದೇ ಇಲ್ಲ, ಯಾಕೆ? ಪಾಸ್‌ವರ್ಡ್ ಮರೆತರೆ ಏನು ಗತಿ? ಹೀಗೆ ಗುಟ್ಟಾಗಿ ಬರೆಯುವುದು ಕಾನೂನಿಗೆ ವಿರುದ್ಧವೇನೋ ಅಂತ ಮಾಲೀಕರಿಗೆ ಬೇರೆ ಅನುಮಾನ.

ಉತ್ತರ: ಆ ಪುಟ ಹೇಳುತ್ತಿರುವುದು ಸಾಧ್ಯವಿರುವ ಮಾತೇ. ಸರ್ವರ್‌ನ (ಪುಟದವರ ಕಂಪ್ಯೂಟರಿನ) ಸಹಾಯ ಇಲ್ಲದೆ ಬ್ರೌಸರ್ ಒಂದೇ ಈ ಕೆಲಸ ಮಾಡಬಲ್ಲದು. ಆದರೆ ‘ಮಾಡಬಲ್ಲದು’ ಅನ್ನುವುದು ಬೇರೆ, ‘ಈ ಪುಟ ಹಾಗೇ ಮಾಡುತ್ತಿದೆ’ ಅನ್ನುವುದು ಬೇರೆ. ಎರಡನೆಯದನ್ನು ನೀವೇ ಪರೀಕ್ಷೆ ಮಾಡಿ ನೋಡಬೇಕು. ಅದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ.

ಒಳಗೆ ಏನು ನಡೆಯುತ್ತೆ ಅಂತ ಮೊದಲು ಚುಟುಕಾಗಿ ಹೇಳುತ್ತೇನೆ. ಈಗಿನ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲದರಲ್ಲೂ ‘ವೆಬ್ ಕ್ರಿಪ್ಟೋ’ ಅನ್ನುವ ಸೌಲಭ್ಯ ಕೂಡಿಯೇ ಬರುತ್ತದೆ. 2017ರಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವಾಯಿತು. ನೀವು ಕೊಟ್ಟ ಪಾಸ್‌ವರ್ಡಿಗೆ ಒಂದಿಷ್ಟು ಯಾದೃಚ್ಛಿಕ ಬೈಟ್ (ಅಡ್ಡಾದಿಡ್ಡಿಯಾಗಿ ಆರಿಸಿದ ಮಾಹಿತಿಯ ಸಣ್ಣ ತುಣುಕುಗಳು) ಸೇರಿಸಿ, ಲಕ್ಷಗಟ್ಟಲೆ ಸುತ್ತು ಅರೆದು, ಅದರಿಂದ ಒಂದು ಕೀಲಿ ತಯಾರಾಗುತ್ತದೆ. ಹಾಗೆ ಸೇರಿಸಿದ ಬೈಟ್‌ಗಳಿಗೆ ಸಾಲ್ಟ್ ಎನ್ನುತ್ತಾರೆ, ಅರೆಯುವ ಕ್ರಮಕ್ಕೆ ಪಿಬಿಕೆಡಿಎಫ್2 ಎಂದು ಹೆಸರು. ಆ ಕೀಲಿಯಿಂದ ಎಇಎಸ್ ವಿಧಾನದಲ್ಲಿ ಬರಹ ಮುಚ್ಚಿಹೋಗುತ್ತದೆ. ಎಇಎಸ್ ಕಟ್ಟಿದವರು ಬೆಲ್ಜಿಯಂನ ಯೋನ್ ಡೆಮನ್ ಮತ್ತು ವಿನ್ಸೆಂಟ್ ರೈಮನ್. 2001ರಲ್ಲಿ ಅಮೆರಿಕ ಸರ್ಕಾರ ಅದನ್ನು ತನ್ನ ಮಾನದಂಡ ಮಾಡಿಕೊಂಡಿತು. ಸರಿಯಾಗಿ ಬಳಸಿದ ಎಇಎಸ್ಅನ್ನು ಒಡೆಯುವ ದಾರಿ ಇಂದಿಗೂ ಸಿಕ್ಕಿಲ್ಲ. ಹಾಗಾಗಿ ‘256 ಬಿಟ್ ಮಿಲಿಟರಿ ದರ್ಜೆ’ ಅಂತ ದಪ್ಪಕ್ಷರದಲ್ಲಿ ಬರೆದ ಜಾಹೀರಾತಿಗೆ ಮರುಳಾಗುವ ಅಗತ್ಯವೇ ಇಲ್ಲ. ಅದು ಎಲ್ಲರ ಹತ್ತಿರವೂ ಇದೆ, ಪುಕ್ಕಟೆ. ಎಡವಟ್ಟಾಗುವುದು ಅದರ ಸುತ್ತಮುತ್ತಲಿನ ಜಾಗದಲ್ಲಿ.

ಈಗ ಪರೀಕ್ಷೆ. ಪುಟ ಪೂರ್ತಿ ತೆರೆದ ಮೇಲೆ ಕಂಪ್ಯೂಟರಿನ ಇಂಟರ್‌ನೆಟ್ ತೆಗೆದುಬಿಡಿ. ವೈಫೈ ಆಫ್ ಮಾಡಿ, ಇಲ್ಲವೇ ಕೇಬಲ್ ಕಿತ್ತುಹಾಕಿ. ಆಮೇಲೆ ‘ಸೋನಾ ಮಸೂರಿ 200 ಚೀಲ’ ಅಂತ ಏನಾದರೂ ಸುಮ್ನೆ ಬರೆದು ಎನ್‌ಕ್ರಿಪ್ಟ್ ಒತ್ತಿ. ಕೆಲಸ ನಡೆಯಲಿಲ್ಲ ಅಂದರೆ ‘ಸರ್ವರ್‌ಗೆ ಏನೂ ಬರುವುದಿಲ್ಲ’ ಅನ್ನುವ ಮಾತನ್ನು ನಂಬಬೇಡಿ, ಅಲ್ಲಿಗೇ ಬಿಟ್ಟುಬಿಡಿ. ನಡೆದರೆ ಅರ್ಧ ಪಾಸು. ಯಾಕೆ ಅರ್ಧ? ಬರೆದದ್ದನ್ನು ಪುಟ ಬಚ್ಚಿಟ್ಟುಕೊಂಡು, ನೆಟ್ ಬಂದ ಮೇಲೆ ಕಳಿಸಬಹುದು. ಅದಕ್ಕೇ ಈ ಪರೀಕ್ಷೆಯನ್ನು ಇನ್‌ಕಾಗ್ನಿಟೋ (ಇತಿಹಾಸ ಉಳಿಸದ) ಕಿಟಕಿಯಲ್ಲಿ ಮಾಡಿ, ಆ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆಯೇ ನೆಟ್ ಹಾಕಿ.

ಇನ್ನರ್ಧಕ್ಕೆ ಎಫ್12 ಗುಂಡಿ. ಅದನ್ನು ಒತ್ತಿದರೆ ಬ್ರೌಸರಿನ ಬದಿಯಲ್ಲೋ ಕೆಳಗೋ ಒಂದು ಫಲಕ ತೆರೆಯುತ್ತೆ. ಅದರಲ್ಲಿ ‘ನೆಟ್‌ವರ್ಕ್’ ಅನ್ನುವ ವಿಭಾಗಕ್ಕೆ ಹೋಗಿ. ಈಗ ನೆಟ್ ಇಟ್ಟುಕೊಂಡೇ ಬರೆಯಿರಿ, ಎನ್‌ಕ್ರಿಪ್ಟ್ ಒತ್ತಿ, ಒಂದೆರಡು ನಿಮಿಷ ಕಾಯಿರಿ. ಪುಟ ಹೊರಗೆ ಕಳಿಸಿದ, ಒಳಗೆ ತರಿಸಿದ ಬಹುಪಾಲು ಎಲ್ಲವೂ ಅಲ್ಲಿ ಒಂದು ಸಾಲಾಗಿ ಬೀಳುತ್ತದೆ. ಅಕ್ಷರ ಒತ್ತಿದಾಗೆಲ್ಲ ಹೊಸ ಸಾಲು ಬೀಳುತ್ತಿದ್ದರೆ ಆ ಪುಟ ನಿಮಗೆ ಬೇಡ. ಬರೀ ಜಾಹೀರಾತಿನ ಸಾಲುಗಳು ಕಂಡರೂ ನಾನು ಬೇಡ ಅಂತಲೇ ಹೇಳುತ್ತೇನೆ. ಜಾಹೀರಾತಿನ ಕೋಡ್ ಕೂಡ ಅದೇ ಪುಟದಲ್ಲಿ ಓಡುತ್ತದೆ. ಪುಟದವರು ಎಷ್ಟೇ ಸಾಚಾ ಆಗಿರಲಿ, ಆ ಕೋಡ್ ನಿಮ್ಮ ಬರಹವನ್ನು ಓದಬಹುದು. ಗುಟ್ಟು ಮುಚ್ಚಿಕೊಡುವ ಪುಟದಲ್ಲಿ ಜಾಹೀರಾತಿಗೆ ಏನು ಕೆಲಸ, ಅಲ್ವಾ?

ಇನ್ನೆರಡು ಸಣ್ಣ ಪರೀಕ್ಷೆ ಇವೆ. ನನಗೆ ಜಾಸ್ತಿ ಇಷ್ಟ ಇವೇ. ಒಂದೇ ಬರಹವನ್ನು ಒಂದೇ ಪಾಸ್‌ವರ್ಡ್ ಹಾಕಿ ಎರಡು ಸಲ ಎನ್‌ಕ್ರಿಪ್ಟ್ ಮಾಡಿ. ಎರಡೂ ಸಲ ಬೇರೆ ಬೇರೆ ಫಲಿತಾಂಶ ಬರಬೇಕು. ಒಂದೇ ಥರ ಬಂದರೆ, ಪ್ರತಿ ಸಲ ಹೊಸದಾಗಿ ಸೇರಬೇಕಾದ ಯಾದೃಚ್ಛಿಕ ಬೈಟ್‌ಗಳು ಸೇರುತ್ತಿಲ್ಲ ಅಂತ ಅರ್ಥ. ಮಾಡಿದವರಿಗೆ ಕೆಲಸ ಗೊತ್ತಿಲ್ಲ. ಎರಡನೆಯದು: ಬಂದ ಫಲಿತಾಂಶದ ನಡುವೆ ಎಲ್ಲಾದರೂ ಒಂದು ಅಕ್ಷರ ಬದಲಿಸಿ, ಆಮೇಲೆ ಡಿಕ್ರಿಪ್ಟ್ ಮಾಡಿ, ಅಂದರೆ ಬಿಚ್ಚಿ ನೋಡಿ. ಒಳ್ಳೆಯ ಸಾಧನ ‘ಆಗಲ್ಲ’ ಅಂತ ಖಡಾಖಂಡಿತ ನಿರಾಕರಿಸುತ್ತದೆ. ಎಇಎಸ್‌ನ ಜಿಸಿಎಂ ಅನ್ನುವ ಬಗೆಯಲ್ಲಿ ಬರಹದ ಜೊತೆಗೆ 16 ಬೈಟ್‌ನ ಒಂದು ಮುದ್ರೆಯೂ ಇರುತ್ತದೆ. ಒಂದು ಚುಕ್ಕೆ ಅಲುಗಾಡಿದರೂ ಮುದ್ರೆ ತಾಳೆಯಾಗುವುದಿಲ್ಲ. ಮುದ್ರೆ ಇಲ್ಲದ ಹಳೇ ಬಗೆಗಳು ತಿದ್ದಿದ ಬರಹವನ್ನೂ ತೆರೆದು ಏನೋ ಒಂದು ತೋರಿಸಿಬಿಡುತ್ತವೆ. ಖಾತೆ ನಂಬರಿನ ಒಂದು ಅಂಕಿ ನಡುದಾರಿಯಲ್ಲಿ ಬದಲಾಗಿ, ಭತ್ತದ ದುಡ್ಡು ಇನ್ಯಾರದೋ ಖಾತೆಗೆ ಹೋದರೆ ಕೇಳೋದು ಯಾರನ್ನ?

ಒಂದು ಗುರುತು ಹೇಳಿಬಿಡುತ್ತೇನೆ. ಫಲಿತಾಂಶ ಪ್ರತಿ ಸಲವೂ ಇಂಗ್ಲಿಷ್‌ನ ಯು, 2, ಎಫ್, ಎಸ್, ಡಿ, ಜಿ, ವಿ, ಕೆ, ಎಕ್ಸ್, 1 ಈ ಸಾಲಿನಿಂದಲೇ ಶುರುವಾಗುತ್ತಿದ್ದರೆ, ಒಳಗಿರುವುದು ಬಹುಪಾಲು ಕ್ರಿಪ್ಟೋಜೆಎಸ್ ಅನ್ನುವ ಹಳೇ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡ್. ಅದನ್ನು ನೋಡಿಕೊಳ್ಳುತ್ತಿದ್ದವರೇ ಈಗ ಕೈಬಿಟ್ಟಿದ್ದಾರೆ. ಪಾಸ್‌ವರ್ಡಿನಿಂದ ಕೀಲಿ ಮಾಡುವಾಗ ಅದು ಮಾಮೂಲಿಯಾಗಿ ಅರೆಯುವುದು ಒಂದೇ ಸುತ್ತು, ಅದೂ ಎಂಡಿ5 ಅನ್ನುವ ಓಬೀರಾಯನ ಕಾಲದ ವಿಧಾನದಲ್ಲಿ. ಇಂದಿನ ಶಿಫಾರಸು 6,00,000 ಸುತ್ತು. ಪಾಸ್‌ವರ್ಡ್ ಊಹೆ ಮಾಡುತ್ತಾ ಕೂತ ಕಳ್ಳನಿಗೆ ಆ ಒಂದು ಸುತ್ತು ಎಂಥಾ ಅನುಕೂಲ ನೋಡಿ.

ಪರೀಕ್ಷೆ ಎಲ್ಲಾ ಪಾಸಾಯಿತು ಅಂದುಕೊಳ್ಳೋಣ. ಅದು ಇವತ್ತಿನ ಮಾತು. ನಾಳೆ ಅದೇ ಪುಟ ತೆರೆದಾಗ ಸರ್ವರ್‌ನಿಂದ ಕೋಡ್ ಮತ್ತೆ ಹೊಸದಾಗಿ ಬರಬಹುದು. ದಿನಾ ಬೆಳಿಗ್ಗೆ ಬೀಗದವನೇ ಬಂದು ನಿಮ್ಮ ಗೋದಾಮಿಗೆ ಹೊಸ ಬೀಗ ಹಾಕಿ ಹೋದ ಹಾಗೆ. ಪುಟದ ಮಾಲೀಕ ಬದಲಾಗಬಹುದು, ಡೊಮೈನ್ (ಪುಟದ ವಿಳಾಸ) ಮಾರಾಟವಾಗಬಹುದು, ಯಾರೋ ಒಳಹೊಕ್ಕು ಒಂದು ಸಾಲು ಸೇರಿಸಬಹುದು. ಹೊರನೋಟಕ್ಕೆ ಏನೂ ಬದಲಾಗಿರುವುದಿಲ್ಲ. ಬ್ರೌಸರ್ ಎನ್‌ಕ್ರಿಪ್ಶನ್ ಬಗ್ಗೆ ಕಂಪ್ಯೂಟರ್ ಭದ್ರತೆಯ ತಜ್ಞರು ತಕರಾರು ತೆಗೆಯುವುದು ಮುಖ್ಯವಾಗಿ ಇಲ್ಲೇ, ಅವರ ಮಾತಿನಲ್ಲಿ ಹುರುಳಿದೆ.

ಇದಕ್ಕೆ ಮದ್ದು ಇದೆ. ಕೆಲವು ಸಾಧನಗಳನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಇಳಿಸಿಕೊಳ್ಳಬಹುದು. ಒಮ್ಮೆ ಇಳಿಸಿ, ಮೇಲಿನ ಪರೀಕ್ಷೆ ಮಾಡಿ, ಆಮೇಲೆ ಯಾವಾಗಲೂ ಆ ಫೈಲನ್ನೇ ತೆರೆದು ಬಳಸಿ. ಯಾವತ್ತೋ ಪರೀಕ್ಷೆ ಮಾಡಿದ ಕೋಡೇ ಕೊನೆತನಕ ಓಡುತ್ತದೆ. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯು 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸೈಬರ್‌ಶೆಫ್ ಅನ್ನುವ ಸಾಧನವನ್ನೂ ಹೀಗೆ ಇಳಿಸಿಕೊಂಡು ನೆಟ್ ಇಲ್ಲದೆ ಬಳಸಬಹುದು. ಆದರೆ ಅದರಲ್ಲಿ ಕೀಲಿ, ಪ್ರತಿ ಸಲ ಹೊಸದಾಗಿ ಬೇಕಾಗುವ ಆರಂಭದ ಬೈಟ್‌ಗಳು ಎಲ್ಲವನ್ನೂ ಕೈಯಾರೆ ತುಂಬಬೇಕು. ಕಲಿಯೋಕೆ ಚೆನ್ನ, ಲಾರಿ ಲೋಡಾಗುವ ಗಡಿಬಿಡಿಯಲ್ಲಿ ಬೇಡ. ಫೋನಿನಲ್ಲಿ ಇಳಿಸಿದ ಫೈಲ್ ತೆರೆದು ಬಳಸುವುದು ಅಷ್ಟು ಸಲೀಸಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ನಿಮ್ಮ ಮಾಲೀಕರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪುಟ ಸಾಚಾ ಇದ್ದರೂ ಸುತ್ತಲಿನವು ಸೋರುತ್ತವೆ. ಕ್ರೋಮ್‌ನಲ್ಲಿ ಕಾಗುಣಿತ ತಿದ್ದಲು ಎರಡು ಬಗೆ ಇವೆ. ‘ಬೇಸಿಕ್’ ನಿಮ್ಮ ಕಂಪ್ಯೂಟರಿನಲ್ಲೇ ನೋಡುತ್ತದೆ. ‘ಎನ್‌ಹ್ಯಾನ್ಸ್‌ಡ್’ ಹಾಕಿಕೊಂಡಿದ್ದರೆ ನೀವು ಟೈಪ್ ಮಾಡಿದ್ದನ್ನು ಗೂಗಲ್‌ಗೆ ಕಳಿಸಿ ತಿದ್ದಿಸಿಕೊಂಡು ಬರುತ್ತದೆ. ಪುಟ ಏನೂ ಕಳಿಸಲಿಲ್ಲ, ಬ್ರೌಸರೇ ಕಳಿಸಿತು! ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಒಮ್ಮೆ ನೋಡಿಬಿಡಿ. ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಸಾಧನಗಳು, ಅಂದರೆ ಎಕ್ಸ್‌ಟೆನ್ಶನ್‌ಗಳೂ ಅಷ್ಟೇ. ಇಂಗ್ಲಿಷ್ ತಿದ್ದುವುದು, ರಿಯಾಯಿತಿ ಕೂಪನ್ ಹುಡುಕುವುದು, ಪಿಡಿಎಫ್ ಮಾಡುವುದು ಅಂತ ಯಾರೋ ಯಾವತ್ತೋ ಹಾಕಿಟ್ಟವಕ್ಕೆ ಹೆಚ್ಚಾಗಿ ಎಲ್ಲಾ ಪುಟಗಳನ್ನೂ ಓದುವ ಅನುಮತಿ ಇರುತ್ತದೆ. ಇನ್‌ಕಾಗ್ನಿಟೋದಲ್ಲಿ ಅವು ತಾವಾಗಿ ಓಡುವುದಿಲ್ಲ. ಆ ಕಿಟಕಿ ಬಳಸಿ ಅಂದದ್ದಕ್ಕೆ ಇದೂ ಒಂದು ಕಾರಣ.

ವಿಂಡೋಸ್‌ನಲ್ಲಿ ಕಾಪಿ ಮಾಡಿದ್ದರ ಇತಿಹಾಸ ಉಳಿಸುವ ಸೌಲಭ್ಯ ಚಾಲೂ ಇದ್ದರೆ, ವಿಂಡೋಸ್ ಗುಂಡಿ ಜೊತೆ ‘ವಿ’ ಒತ್ತಿದವರಿಗೆಲ್ಲ ನೀವು ಕಾಪಿ ಮಾಡಿದ ಪಾಸ್‌ವರ್ಡ್ ಕಾಣುತ್ತೆ. ಮೂರ್ನಾಲ್ಕು ಜನ ಕೂರುವ ಕಂಪ್ಯೂಟರಿನಲ್ಲಿ ಅದನ್ನು ಆಫ್ ಮಾಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಟ್ಯಾಲಿ ಸರಿಮಾಡಲು ಅಂತ ಬಂದವರು ಹಾಕಿಟ್ಟು ಹೋದ, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಸಾಫ್ಟ್‌ವೇರ್ ಇನ್ನೂ ಚಾಲೂ ಇದೆಯಾ? ಪಾಸ್‌ವರ್ಡ್ ಕೊಟ್ಟರೆ ಸಾಕು, ಯಾವಾಗ ಬೇಕಾದರೂ ಒಳಗೆ ಬರುವ ಹಾಗೆ ಇಟ್ಟಿದ್ದಾರಾ? ಹಾಗಿದ್ದರೆ ನೀವು ಎನ್‌ಕ್ರಿಪ್ಟ್ ಮಾಡುವ ಮೊದಲೇ ಪರದೆ ಮೇಲಿನ ಅಕ್ಷರವನ್ನು ಅವರು ಓದಬಹುದು. ಅಲ್ಲಿ ಯಾವ ಎಇಎಸ್ಸೂ ಕಾಪಾಡಲ್ಲ.

ಪಾಸ್‌ವರ್ಡ್ ವಿಷಯಕ್ಕೆ ಬರೋಣ. ಮಿಲ್ಲಿನ ಲಾರಿ ನಂಬರನ್ನೇ ಪಾಸ್‌ವರ್ಡ್ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಕೆಎ 37, ಮುಂದೆ ಎರಡು ಅಕ್ಷರ, ನಾಲ್ಕು ಅಂಕಿ. ಎಲ್ಲಾ ಸಾಧ್ಯತೆ ಸೇರಿಸಿದರೂ 67,60,000. ಹುಟ್ಟಿದ ದಿನವಾದರೆ ನೂರು ವರ್ಷದ ಎಲ್ಲಾ ತಾರೀಕು ಸೇರಿ 36,525. ಇಲ್ಲಿ ಬ್ಯಾಂಕಿನ ಹಾಗೆ ‘ಮೂರು ಸಲ ತಪ್ಪಿದರೆ ಲಾಕ್’ ಅನ್ನುವುದು ಇಲ್ಲ. ಮುಚ್ಚಿದ ಬರಹ ಒಮ್ಮೆ ಕಳ್ಳನ ಕೈಗೆ ಸಿಕ್ಕರೆ, ಅವನು ತನ್ನ ಕಂಪ್ಯೂಟರಿನಲ್ಲಿ ಕೂತು ಎಷ್ಟು ಸಲ ಬೇಕಾದರೂ ಊಹೆ ಮಾಡಬಹುದು. 6,00,000 ಸುತ್ತು ಅರೆದಿದ್ದರೂ ಒಂದು ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿಗೆ ಇವು ದೊಡ್ಡ ಲೆಕ್ಕಗಳಲ್ಲ.

ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ತಗೊಳ್ಳಿ. ತಲೆಯಿಂದ ಯೋಚಿಸಿ ಆರಿಸಬೇಡಿ, ನಿಘಂಟನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು ಬೆರಳಿಡಿ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ದಾಳ ಎಸೆದು ಪದ ಆರಿಸುವ ಕ್ರಮ ಮಾಡಿದರು. ಅವರ ಪಟ್ಟಿಯಲ್ಲಿ 7,776 ಪದ ಇವೆ. ಅದರಿಂದ ಐದು ಪದ ಆರಿಸಿದರೆ ಸಾಧ್ಯತೆಗಳು 28ರ ಮುಂದೆ 18 ಸೊನ್ನೆ ಹಾಕಿದರೂ ಮುಗಿಯುವುದಿಲ್ಲ. ಈ ಪಾಸ್‌ವರ್ಡನ್ನು ಮಾಲೀಕರು ಮಿಲ್ಲಿಗೆ ಬಂದಾಗ ಎದುರಿಗೇ ಹೇಳಿ, ಇಲ್ಲವೇ ಫೋನ್ ಮಾಡಿ ಹೇಳಿ. ಮುಚ್ಚಿದ ಬರಹ ಹೋಗುವ ವಾಟ್ಸ್ಆ್ಯಪ್‌ನಲ್ಲೇ ಪಾಸ್‌ವರ್ಡನ್ನೂ ಕಳಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಈಗ ಮಾಲೀಕರ ಫೋನಿನಲ್ಲಿ ತೆರೆಯದ ತೊಂದರೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಪಾಸ್‌ವರ್ಡನ್ನೂ ನೀವು ಕನ್ನಡ ಅಕ್ಷರದಲ್ಲೇ ಹಾಕುತ್ತಿದ್ದೀರಾ? ಹಾಗಿದ್ದರೆ ಕಾರಣ ಬಹುಶಃ ಅಲ್ಲೇ ಇದೆ. ಪಾಸ್‌ವರ್ಡಿನಲ್ಲಿ ‘ಕೊಪ್ಪಳ’ ಇದೆ ಅಂದುಕೊಳ್ಳಿ. ಮೊದಲ ಅಕ್ಷರ ‘ಕೊ’. ಒಂದು ಕೀಬೋರ್ಡ್ ಅದರ ಒತ್ವವನ್ನು ಒಂದೇ ಸಂಕೇತವಾಗಿ ಹಾಕಬಹುದು. ಇನ್ನೊಂದು ಎತ್ವ, ಅದರ ಮುಂದೆ ಕೊಂಬಿನ ದೀರ್ಘ, ಹೀಗೆ ಎರಡು ಸಂಕೇತವಾಗಿ ಹಾಕಬಹುದು. ಪರದೆಯ ಮೇಲೆ ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲ್ಲ. ಆದರೆ ಒಳಗೆ ಒಂದು 18 ಬೈಟ್, ಇನ್ನೊಂದು 21 ಬೈಟ್. ಬೈಟ್ ಬೇರೆಯಾದರೆ ಕೀಲಿಯೇ ಬೇರೆ. ‘ಪಾಸ್‌ವರ್ಡ್ ತಪ್ಪು’ ಅಂತ ಬರುತ್ತದೆ, ಮಾಲೀಕರು ನಿಮ್ಮ ಮೇಲೆ ರೇಗುತ್ತಾರೆ, ಇಬ್ಬರೂ ಬರೆದದ್ದು ಸರಿಯೇ ಇರುತ್ತದೆ. ಜಾಣ ಸಾಧನಗಳು ಎರಡನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಂಡು ಮುಂದೆ ಹೋಗುತ್ತವೆ, ಎಲ್ಲವೂ ಹಾಗೆ ಮಾಡುವುದಿಲ್ಲ. ಅರ್ಕಾವತ್ತು ಬರುವ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳು ನುಸುಳಿಕೊಂಡು ಇದೇ ಕಾಟ ಕೊಡುತ್ತವೆ.

ಆದ್ದರಿಂದ ಬರಹ ಕನ್ನಡದಲ್ಲೇ ಇರಲಿ, ಪಾಸ್‌ವರ್ಡ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಲಿ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದು, ಸ್ಪೆಲ್ಲಿಂಗ್ ಮಾತ್ರ ಇಬ್ಬರೂ ಮೊದಲೇ ಗೊತ್ತುಮಾಡಿಕೊಳ್ಳಿ. ಎಲ್ಲಾ ಸಣ್ಣ ಅಕ್ಷರ, ನಡುವೆ ಒಂದೊಂದು ಅಡ್ಡಗೆರೆ. ಫೋನಿನ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತೆ, ಸಲಹೆ ಪದ ಒತ್ತಿದರೆ ಕೊನೆಗೆ ಒಂದು ಖಾಲಿ ಜಾಗ ಸೇರಿಸುತ್ತೆ. ಅದೂ ಪಾಸ್‌ವರ್ಡ್ ತಪ್ಪಿಸುತ್ತದೆ.

ಪಾಸ್‌ವರ್ಡ್ ಸರಿ ಇದ್ದೂ ತೆರೆಯದಿದ್ದರೆ ಕಾಪಿ ಮಾಡುವ ರೀತಿ ನೋಡಿ. ಮುಚ್ಚಿದ ಬರಹ ಉದ್ದ ಇರುತ್ತದೆ. ‘ಗಂಗಾವತಿ’ ಅಂದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಏಳು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು 21. ಅದಕ್ಕೆ 16 ಬೈಟ್ ಸಾಲ್ಟ್, 12 ಆರಂಭದ ಬೈಟ್, 16 ಬೈಟ್ ಮುದ್ರೆ ಸೇರಿದರೆ 65. ಇಂಗ್ಲಿಷ್ ಅಕ್ಷರಗಳ ರೂಪಕ್ಕೆ ತಿರುಗಿಸಿದರೆ 88 ಅಕ್ಷರ. ಒಂದು ಪದಕ್ಕೇ ಇಷ್ಟು, ನಾಲ್ಕು ಸಾಲಿಗೆ ಎಷ್ಟಾಗುತ್ತೆ ಊಹಿಸಿ. ಅದನ್ನು ತುಂಡು ಮಾಡಿ ಎರಡು ಮೆಸೇಜಿನಲ್ಲಿ ಕಳಿಸಿದರೆ, ಒಟ್ಟಿಗೆ ಕಾಪಿ ಮಾಡುವಾಗ ವಾಟ್ಸ್ಆ್ಯಪ್ ತಾರೀಕು, ಸಮಯ, ಹೆಸರು ಎಲ್ಲಾ ನಡುವೆ ಸೇರಿಸುತ್ತದೆ. ಅಲ್ಲಿಗೆ ಕೆಟ್ಟಿತು. ಒಂದೇ ಮೆಸೇಜಿನಲ್ಲಿ ಕಳಿಸಿ.

ತೆರೆಯುತ್ತೆ, ಆದರೆ ಬರೀ ಗೀಚು ಅಕ್ಷರ ಬರುತ್ತೆ ಅಂದರೆ ಕಾರಣ ನುಡಿ ತಂತ್ರಾಂಶ ಇರಬಹುದು. ಯೂನಿಕೋಡ್ (ಎಲ್ಲಾ ಕಂಪ್ಯೂಟರ್, ಫೋನುಗಳಲ್ಲಿ ನಡೆಯುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ವರ್ಡ್‌ನಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರಿಗೆ ಅಂಟಿಸಿದರೆ, ಎನ್‌ಕ್ರಿಪ್ಟ್ ಮಾಡುವ ಮುಂಚೆಯೇ ಅದು ಗೀಚಾಗಿ ಕಾಣುತ್ತದೆ. ಆ ಕಡೆ ಅದೇ ಗೀಚು ಹೊರಬರುತ್ತದೆ. ಅಲ್ಲಿ ಡಿಕ್ರಿಪ್ಟ್ ಸರಿಯಾಗಿಯೇ ಆಗಿದೆ! ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಅಂಟಿಸಿ. ಇನ್ನು ಕೆಲವು ಪುಟಗಳು ಕನ್ನಡ ಹಾಕಿದ ಕೂಡಲೇ ಎರರ್ ಕೊಡುತ್ತವೆ. ಅವನ್ನು ಬರೆದವರು ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಇದೆ ಅನ್ನುವುದನ್ನೇ ಮರೆತಿರುತ್ತಾರೆ. ತಿದ್ದುತ್ತಾ ಕೂರಬೇಡಿ, ಬೇರೆ ಸಾಧನ ನೋಡಿ.

ಪಾಸ್‌ವರ್ಡ್ ಮರೆತರೆ? ಮುಗಿಯಿತು. ‘ಫರ್ಗಾಟ್ ಪಾಸ್‌ವರ್ಡ್’ ಅನ್ನುವ ಗುಂಡಿ ಇಲ್ಲ, ಇರಲೂಬಾರದು. ಬ್ರೌಸರ್‌ನಲ್ಲೇ ಮುಚ್ಚಿ ಆಮೇಲೆ ಮರಳಿ ಕೊಡುತ್ತೇವೆ ಅನ್ನುವವರ ಹತ್ತಿರ ನಿಮ್ಮ ಕೀಲಿ ಇದೆ ಅಂತಲೇ ಅರ್ಥ. ಹಾಗಾಗಿ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮಾಲೀಕರ ಮನೆಯ ತಿಜೋರಿಯಲ್ಲಿ ಇಡಿ. ಕಾಗದ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಕಾಗದವನ್ನು ಇಂಟರ್‌ನೆಟ್ ಮೂಲಕ ಕದಿಯಲಾಗುವುದಿಲ್ಲ.

ಕಾನೂನಿನ ಬಗ್ಗೆ ಮಾಲೀಕರು ನಿಶ್ಚಿಂತೆಯಿಂದ ಇರಲಿ. ನಿಮ್ಮ ವ್ಯವಹಾರದ ಬರಹವನ್ನು ನೀವು ಎನ್‌ಕ್ರಿಪ್ಟ್ ಮಾಡುವುದು ಅಪರಾಧ ಅಲ್ಲ. 2015ರಲ್ಲಿ ಕೇಂದ್ರ ಸರ್ಕಾರದ ಒಂದು ಕರಡು ನೀತಿ, ಎನ್‌ಕ್ರಿಪ್ಟ್ ಮಾಡಿದ್ದರ ಮೂಲ ಬರಹವನ್ನು 90 ದಿನ ಇಟ್ಟುಕೊಂಡಿರಬೇಕು ಅಂತ ಹೇಳಿತ್ತು. ಗದ್ದಲ ಎದ್ದ ಮೇಲೆ ಅದನ್ನು ವಾಪಸ್ ತಗೊಂಡರು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಅಧಿಕಾರ ಇರುವವರು ಲಿಖಿತ ಆದೇಶ ಕೊಟ್ಟು ಕೇಳಿದರೆ ಬಿಚ್ಚಿ ತೋರಿಸಲು ಸಹಕರಿಸಬೇಕು. ನಿರಾಕರಿಸಿದರೆ ಏಳು ವರ್ಷದವರೆಗೆ ಜೈಲು ಆಗಬಹುದು.

ಕೊನೆಯದಾಗಿ, ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಲಾಗಿನ್ ವಿವರ ಕಳಿಸುವುದನ್ನೇ ನಿಲ್ಲಿಸುತ್ತಿದ್ದೆ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಬ್ ಯೂಸರ್, ಅಂದರೆ ಬೇರೆ ಲಾಗಿನ್ ಇರುವ ಉಪ ಬಳಕೆದಾರರನ್ನು ಮಾಡುವ ಸೌಲಭ್ಯ ಇದೆ, ನಿಮ್ಮದೇ ಹೆಸರಿನಲ್ಲಿ ಒಂದು ಮಾಡಿಸಿಕೊಳ್ಳಿ. ವ್ಯಾಪಾರದ ಖಾತೆಯ ನೆಟ್ ಬ್ಯಾಂಕಿಂಗ್‌ನಲ್ಲೂ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಇರುತ್ತದೆ, ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಆಗ ಪಾಸ್‌ವರ್ಡ್ ಹಂಚುವ ಮಾತೇ ಬರಲ್ಲ. ದರದ ಮಾತು, ಪಾರ್ಟಿ ವಿವರಗಳಿಗೆ ವಾಟ್ಸ್ಆ್ಯಪ್ ಸಾಕು. 2016ರಿಂದ ಅದು ದಾರಿಯುದ್ದಕ್ಕೂ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ. ನಿಮಗೆ ಅಪಾಯ ಇರುವುದು ದಾರಿಯಲ್ಲಿ ಅಲ್ಲ, ತೆರೆದಿಟ್ಟ ವಾಟ್ಸ್ಆ್ಯಪ್ ವೆಬ್‌ನಲ್ಲಿ. ಅದಕ್ಕೆ ಸ್ಕ್ರೀನ್ ಲಾಕ್ ಹಾಕಿ, ಮಾಲೀಕರ ಜೊತೆಗಿನ ಚಾಟಿಗೆ 24 ಗಂಟೆಯಲ್ಲಿ ಮೆಸೇಜ್ ಅಳಿಯುವ ಹಾಗೆ ಮಾಡಿ, ಕಂಪ್ಯೂಟರ್ ಬಿಟ್ಟು ಏಳುವಾಗ ವಿಂಡೋಸ್ ಗುಂಡಿ ಜೊತೆ ‘ಎಲ್’ ಒತ್ತಿ. ಇಷ್ಟಾದ ಮೇಲೂ ಉಳಿಯುವ ನಾಲ್ಕಾರು ಗುಟ್ಟಿನ ಸಾಲುಗಳಿಗೆ ಮಾತ್ರ ಇಳಿಸಿಟ್ಟುಕೊಂಡ ಆ ಫೈಲ್ ಬಳಸಿ. ಮಾಲೀಕರು ಅದನ್ನು ಫೋನಿನಲ್ಲಿ ಅಲ್ಲ, ಬಳ್ಳಾರಿಯ ತಮ್ಮ ಮನೆಯ ಕಂಪ್ಯೂಟರಿನಲ್ಲೇ ತೆರೆಯಲಿ. ಅದೇ ಪೆನ್‌ಡ್ರೈವಿನಿಂದ ಅವರಿಗೂ ಒಂದು ಪ್ರತಿ ಹಾಕಿಕೊಡಿ.